ಬೆರಳಿಗಿಂತ ಮೊದಲು ಕೊರಳು

ಮಳವಳ್ಳಿಯ ಒಂದು ಕಲ್ಯಾಣ ಮಂಟಪ. ಧಾರೆ ಮುಗಿದು, ಗಟ್ಟಿಮೇಳ ನಿಂತು, ಜನವೆಲ್ಲ ಊಟದ ಹಾಲಿನತ್ತ ಎದ್ದ ಹೊತ್ತು. ಮಂಟಪದ ಪಕ್ಕದ ಕಟ್ಟೆಯ ಮೇಲೆ ವಾಲಗದವರು ನಾಲ್ವರು ಕೂತಿದ್ದರು. ಡೋಲಿನವರು ಕೋಲು ಕೆಳಗಿಟ್ಟು ಬೆರಳು ಉಜ್ಜಿಕೊಳ್ಳುತ್ತಿದ್ದರು. ಶ್ರುತಿಪೆಟ್ಟಿಗೆಯನ್ನು ಇನ್ನೂ ಆರಿಸಿರಲಿಲ್ಲ. ಕ್ಲಾರಿನೆಟ್ ಹಿಡಿದಿದ್ದವರು ಅರವತ್ತು ದಾಟಿದ ಹಿರಿಯರು. ಊಟದ ಗದ್ದಲದಲ್ಲಿ ತಮ್ಮನ್ನು ಯಾರೂ ಕೇಳಲಾರರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ ತೋಡಿ ಎತ್ತಿಕೊಂಡರು.

ನಾನು ಬೀಗರ ಕಡೆಯವನು, ಪಂಕ್ತಿಗೆ ಕರೆ ಬಂದಿತ್ತು. ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವ ಸ್ವರವಲ್ಲ. ಕೆಳಗಿನ ರಿಷಭವನ್ನು ಮುಟ್ಟಿ, ಮೇಲಿನ ಮಧ್ಯಮದತ್ತ ಬಾಗಿ, ಮತ್ತೆ ಇಳಿದು ಅಲೆಯಾಡುತ್ತಲೇ ಇರುತ್ತದೆ. ಆ ಅಲೆ ಇಲ್ಲದಿದ್ದರೆ ಅದು ತೋಡಿಯೇ ಅಲ್ಲ. ಹಿರಿಯರ ಬಲಗೈ ಬೆರಳು ರಂಧ್ರವನ್ನು ಪೂರ್ತಿ ಬಿಡದೆ ಪೂರ್ತಿ ಮುಚ್ಚದೆ ಅರ್ಧದಲ್ಲಿ ತೆವಳುತ್ತಿತ್ತು. ಕೆಳದುಟಿ ರೀಡಿನ ಮೇಲೆ ಬಿಗಿಯಾಗಿ ಮತ್ತೆ ಸಡಿಲವಾಗುತ್ತಿತ್ತು. ಯುರೋಪಿನ ಪಡೆಗಳ ನಡಿಗೆಗೆ ತಾಳ ಹಾಕಿ ಬೆಳೆದ ಈ ವಾದ್ಯ ನಮ್ಮ ಗಾಂಧಾರವನ್ನು ಅಳಿಸದೆ, ಒರಟಾಗಿಸದೆ ನುಡಿಯುತ್ತಿತ್ತು.

ನುಡಿಸಿ ಮುಗಿಸಿದ ಮೇಲೆ ವಾದ್ಯವನ್ನು ಐದು ತುಂಡು ಮಾಡಿದರು. ಬಾಯಿಗಿಡುವ ಕೊಕ್ಕು, ಅದರ ಕೆಳಗಿನ ಗಿಡ್ಡ ಕೊಳವೆ, ಮೇಲಿನ ತುಂಡು, ಕೆಳಗಿನ ತುಂಡು, ತುದಿಯ ಗಂಟೆ. ಹಳೆ ಪಂಚೆಯ ಚೂರನ್ನು ದಾರಕ್ಕೆ ಕಟ್ಟಿ ಒಳಗೆ ಎಳೆದು ಉಸಿರಿನ ತೇವ ಒರೆಸಿದರು. ರೀಡನ್ನು ಬಿಚ್ಚಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ ಪುಟ್ಟ ಡಬ್ಬಿಯಲ್ಲಿಟ್ಟರು. ಯಾರ ಹತ್ತಿರ ಕಲಿತಿರಿ ಯಜಮಾನ್ರೇ ಎಂದು ಕೇಳಿದೆ. "ಊದೋದು ಅಪ್ಪನ ಹತ್ರ. ಸಂಗೀತ ಬೇರೆಯವ್ರ ಹತ್ರ ಕಣಣ್ಣ, ಹಾಡೋರ ಹತ್ರ" ಎಂದರು. ಕ್ಲಾರಿನೆಟ್ಟಿನ ಕಥೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಇವತ್ತಿನ ಅಂಕಣ ಆ ಮಾತಿನ ವಿವರಣೆ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮದುವೆ, ಜಾತ್ರೆ, ದೇವರ ಉತ್ಸವ ಯಾವುದಿದ್ದರೂ ವಾಲಗ ಬೇಕು. ಈ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಬಹುಪಾಲು ಸವಿತಾ ಸಮಾಜದ ಮನೆತನಗಳು. ನಾದಸ್ವರ ಮತ್ತು ಡೋಲು ಇದರ ಬೆನ್ನೆಲುಬು. ಕ್ಲಾರಿನೆಟ್ ಇಲ್ಲಿಗೆ ಆಮೇಲೆ ಬಂದು ಸೇರಿಕೊಂಡ ನೆಂಟ. ಬಂದ ದಾರಿ ಮಾತ್ರ ದೂರದ್ದು.

ಜರ್ಮನಿಯ ನ್ಯೂರೆಂಬರ್ಗ್ ಎಂಬ ಊರಿನಲ್ಲಿ ಯೋಹಾನ್ ಕ್ರಿಸ್ಟಾಫ್ ಡೆನ್ನರ್ ಎಂಬ ವಾದ್ಯ ತಯಾರಕ 1700ರ ಆಸುಪಾಸಿನಲ್ಲಿ ಶಾಲುಮೊ ಎಂಬ ಹಳೆಯ ಊದುವಾದ್ಯವನ್ನು ತಿದ್ದಿ ಇದನ್ನು ರೂಪಿಸಿದ. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಯುರೋಪಿನ ವಾದ್ಯಗೋಷ್ಠಿಗಳಲ್ಲೂ ಸೈನ್ಯದ ಬ್ಯಾಂಡುಗಳಲ್ಲೂ ಸ್ಥಾನ ಪಡೆಯಿತು. ಇಂಗ್ಲಿಷರ ಪಡೆಗಳ ಜೊತೆ ನಮ್ಮ ನಾಡಿಗೆ ಕಾಲಿಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾದೇವ ನಟ್ಟುವನಾರ್ ಎಂಬವರು ಅದನ್ನು ಮದ್ರಾಸಿನ ಕಡೆಯ ನೃತ್ಯಮೇಳಕ್ಕೆ ತಂದರೆಂದು ಸಂಗೀತ ಚರಿತ್ರೆ ನೆನೆಯುತ್ತದೆ. ಅಲ್ಲಿಯತನಕ ನರ್ತಕಿಯ ಹಿಂದೆ ನಿಂತು ನುಡಿಯುತ್ತಿದ್ದುದು ಮುಖವೀಣೆ. ಅದೇ ಕೆಲಸವನ್ನು ಕ್ಲಾರಿನೆಟ್ ಹೆಚ್ಚು ತುಂಬು ದನಿಯಲ್ಲಿ ಮಾಡತೊಡಗಿತು. ಅಂದರೆ ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಅದು ಪ್ರವೇಶ ಪಡೆದದ್ದೇ ಹಾಡನ್ನು ಹಿಂಬಾಲಿಸುವ ವಾದ್ಯವಾಗಿ. ಇದನ್ನು ಮರೆಯಬಾರದು.

ನಮ್ಮ ಸೀಮೆಗೆ ಹತ್ತಿರದ ದಾರಿ ಮೈಸೂರು ಅರಮನೆಯದು. 1939ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಮಂಡ್ಯ ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ನಮ್ಮ ಸಂಗೀತದಷ್ಟೇ ಪಶ್ಚಿಮದ ಸಂಗೀತದಲ್ಲೂ ಒಲವಿತ್ತು, ಸ್ವತಃ ಹಲವು ವಾದ್ಯ ನುಡಿಸುತ್ತಿದ್ದರು. ಅರಮನೆಯಲ್ಲಿ ಎರಡು ಬ್ಯಾಂಡುಗಳಿದ್ದವು. ಒಂದು ಇಂಗ್ಲಿಷ್ ಬ್ಯಾಂಡು, ಜರ್ಮನಿಯ ಒಟ್ಟೊ ಸ್ಮಿತ್ ಅದನ್ನು ಮುನ್ನಡೆಸಿದವರು. ಇನ್ನೊಂದು ಕರ್ನಾಟಕ ಬ್ಯಾಂಡು. ಪಶ್ಚಿಮದ ವಾದ್ಯಗಳನ್ನೇ ಹಿಡಿದು ತ್ಯಾಗರಾಜರ, ದೀಕ್ಷಿತರ ಕೃತಿಗಳನ್ನು ನುಡಿಸುವ ಬ್ಯಾಂಡು ಇದು. ಆ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ದಸರೆಯ ಸಂಜೆ ಅರಮನೆಯ ಎದುರು ನಿಂತವರು ಸಾಲು ಸಾಲು ಕ್ಲಾರಿನೆಟ್ಟುಗಳು ಹಂಸಧ್ವನಿಯನ್ನೋ ಕದನಕುತೂಹಲವನ್ನೋ ಎತ್ತಿಕೊಳ್ಳುವುದನ್ನು ಕೇಳಿರುತ್ತಾರೆ. ನಾಡಹಬ್ಬಕ್ಕೆ ಹೋದ ನಮ್ಮ ಹಳ್ಳಿಯ ವಾಲಗದವರೂ ಕೇಳಿದರು. ಕೇಳಿದವರಲ್ಲಿ ಕೆಲವರಿಗಾದರೂ ಇದು ನಮ್ಮ ಕೈಗೂ ಒಗ್ಗುತ್ತದೆ ಅನ್ನಿಸಿರಬೇಕು.

ಒಗ್ಗಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಕಾರಣ ವಾದ್ಯದ ಒಡಲಲ್ಲೇ ಇದೆ.

ಕೊಳಲನ್ನು ಸ್ವಲ್ಪ ಬಲವಾಗಿ ಊದಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಹಾರುತ್ತದೆ. ನಾದಸ್ವರವೂ ಹಾಗೆಯೇ. ಮಧ್ಯ ಷಡ್ಜಕ್ಕೆ ಇಟ್ಟ ಬೆರಳಿನಲ್ಲೇ ತಾರ ಷಡ್ಜ ಸಿಗುತ್ತದೆ. ಹೀಗಾಗಿ ಒಂದು ಸ್ಥಾಯಿಯ ಬೆರಳು ಕಲಿತವನಿಗೆ ಮುಂದಿನ ಸ್ಥಾಯಿ ಬಹುಪಾಲು ಬಂದಂತೆಯೇ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಉದ್ದಕ್ಕೂ ಒಂದೇ ಅಗಲ, ರೀಡಿರುವ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಅಂಥ ಕೊಳವೆಯಲ್ಲಿ ಮೂಲ ನಾದದ ಎರಡರಷ್ಟು ಎತ್ತರದ ನಾದ ಸರಿಯಾಗಿ ನಿಲ್ಲುವುದಿಲ್ಲ, ಮೂರರಷ್ಟು ಎತ್ತರದ್ದು ನಿಲ್ಲುತ್ತದೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಮಂದ್ರ ಷಡ್ಜಕ್ಕೆ ಬೆರಳು ಇಟ್ಟು ಎಡಗೈ ಹೆಬ್ಬೆರಳಿನಿಂದ ಹಿಂದಿರುವ ಕೀಲಿ ಒತ್ತಿದರೆ ಬರುವುದು ಮಧ್ಯ ಷಡ್ಜವಲ್ಲ, ಅದನ್ನೂ ದಾಟಿ ಮಧ್ಯ ಪಂಚಮ!

ಇದರ ಪರಿಣಾಮ ನೋಡಿ. ಕಲಿಯುವ ಹುಡುಗ ಒಂದೇ ರಾಗಕ್ಕೆ ಎರಡು ಬೆರಳುಪಾಠ ಕಲಿಯಬೇಕು. ಕೆಳಗಿನ ಷಡ್ಜಕ್ಕೆ ಒಂದು, ಮೇಲಿನ ಷಡ್ಜಕ್ಕೆ ಇನ್ನೊಂದು. ಎರಡೂ ಸೇರುವ ಜಾಗದಲ್ಲಿ, ಅಂದರೆ ನಾವು ಹೆಚ್ಚು ಹಾಡುವ ನಡುಭಾಗದಲ್ಲೇ ಎಲ್ಲೋ, ಒಂದು ಹೊಳೆ ದಾಟಬೇಕು. ಹೊಳೆಯ ಈ ದಡದ ಕೊನೆಯ ಸ್ವರಕ್ಕೆ ಹೆಚ್ಚುಕಡಿಮೆ ಎಲ್ಲ ಬೆರಳೂ ಮೇಲೆದ್ದಿರುತ್ತವೆ. ಆ ದಡದ ಮೊದಲ ಸ್ವರಕ್ಕೆ ಎಲ್ಲ ಬೆರಳೂ ಒಟ್ಟಿಗೆ ಕೆಳಗೆ ಕೂರಬೇಕು, ಹೆಬ್ಬೆರಳು ಕೀಲಿಯನ್ನೂ ಒತ್ತಿರಬೇಕು. ಒಂದು ಬೆರಳು ಕೂದಲೆಳೆಯಷ್ಟು ತಪ್ಪಿದರೂ ಕೀಚಲು ದನಿ. ಕ್ಲಾರಿನೆಟ್ ಕಲಿಯುವ ಮನೆಯ ಅಕ್ಕಪಕ್ಕದವರಿಗೆ ಆ ಕೀಚಲು ಚೆನ್ನಾಗಿ ಪರಿಚಯ. ಬರೀ ಸ್ವರ ದಾಟುವುದೇ ಇಷ್ಟು ಕಷ್ಟ ಎಂದಮೇಲೆ, ಜಾರು, ಕಂಪಿತ, ಅನುಸ್ವರಗಳೊಂದಿಗೆ ಹೊಳೆ ದಾಟಿದ್ದೇ ಕೇಳುಗನಿಗೆ ತಿಳಿಯದಂತೆ ದಾಟುವುದಕ್ಕೆ ಎಷ್ಟು ವರ್ಷ ಬೇಕು?

ಆದರೆ ಈ ತೊಡಕಿನೊಳಗೇ ಒಂದು ಸೊಗಸೂ ಇದೆ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿಕೊಂಡು ಬಂದಿರುವ ಮೊದಲ ಪಾಠಗಳು ಮಾಯಾಮಾಳವಗೌಳದಲ್ಲಿವೆ. ಆ ರಾಗದಲ್ಲಿ ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಇವೆ. ಹಾಗಾಗಿ ಕೆಳಗೆ ಸ-ರಿ-ಗ-ಮ ನುಡಿಸಿದ ಬೆರಳನ್ನೇ ಇಟ್ಟು ಕೀಲಿ ಒತ್ತಿದರೆ ಮೇಲೆ ಪ-ದ-ನಿ-ಸ ತಾನಾಗಿ ಬಂದು ನಿಲ್ಲುತ್ತದೆ. ಶಂಕರಾಭರಣದಲ್ಲೂ ಹೀಗೆಯೇ, ಖರಹರಪ್ರಿಯದಲ್ಲೂ ಹೀಗೆಯೇ, ಆ ದಿನ ಹಿರಿಯರು ನುಡಿಸಿದ ತೋಡಿಯಲ್ಲೂ ಹೀಗೆಯೇ. ಕೆಳಗಿನ ಗಾಂಧಾರವನ್ನು ಅಲೆಯಾಡಿಸಿದ ಬೆರಳೇ ಮೇಲಿನ ನಿಷಾದವನ್ನೂ ಅಲೆಯಾಡಿಸುತ್ತದೆ. ಕಲ್ಯಾಣಿಗೆ ಬಂದರೆ ಈ ಹೊಂದಾಣಿಕೆ ಮುರಿಯುತ್ತದೆ, ಪ್ರತಿಮಧ್ಯಮ ಲೆಕ್ಕ ತಪ್ಪಿಸುತ್ತದೆ. ಶರೀರಶಾಸ್ತ್ರ ಕಲಿತ ವೈದ್ಯನಂತೆ ವಾದ್ಯದ ಒಳಗನ್ನು ತಿಳಿದ ಗುರು ಇದ್ದರೆ ಯಾವ ರಾಗವನ್ನು ಯಾವಾಗ ಕೊಡಬೇಕು ಎಂದು ಮುಂದಾಗಿಯೇ ಬಲ್ಲ. ಇಲ್ಲದಿದ್ದರೆ ಹುಡುಗ ಸಿನಿಮಾ ಹಾಡಿನ ಮೊದಲ ಸಾಲಿನಲ್ಲೇ ಉಳಿದುಹೋಗುತ್ತಾನೆ.

ಯುರೋಪಿನವರು ತಮ್ಮ ತೊಡಕುಗಳಿಗೆ ಬೇರೆ ಪರಿಹಾರ ಹುಡುಕಿದರು. ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ ಕ್ಲಾರಿನೆಟ್ ಕಲಿಸುತ್ತಿದ್ದ ಹಯಸಿಂತ್ ಕ್ಲೋಸೆ ಎಂಬ ಶಿಕ್ಷಕ, ಬುಫೆ ಎಂಬ ವಾದ್ಯ ತಯಾರಕನ ಜೊತೆ ಕೂತು, ಕೊಳಲು ತಯಾರಕ ಬೋಮ್ ರೂಪಿಸಿದ್ದ ಉಂಗುರದ ಕೀಲಿಗಳ ಕ್ರಮವನ್ನು 1839ರ ಹೊತ್ತಿಗೆ ಇದಕ್ಕೂ ಅಳವಡಿಸಿದ. ಇಂದು ಜಗತ್ತಿನ ಹೆಚ್ಚಿನ ಕಡೆ ಬಳಕೆಯಲ್ಲಿರುವ ಕ್ಲಾರಿನೆಟ್ ಆ ಪಾಠದ ಕೋಣೆಯಿಂದ ಹೊರಟದ್ದು. ನಮ್ಮ ಹಳೆಯ ಕಲಾವಿದರಲ್ಲಿ ಅನೇಕರು ಮಾತ್ರ ಅದಕ್ಕಿಂತ ಸರಳವಾದ, ಕೀಲಿ ಕಡಿಮೆ ಇರುವ ಆಲ್ಬರ್ಟ್ ಕ್ರಮದ ವಾದ್ಯವನ್ನೇ ಇಷ್ಟಪಟ್ಟರು. ಲೋಹ ಕಡಿಮೆ ಇದ್ದಷ್ಟೂ ಬೆರಳಿಗೆ ಮರದ ರಂಧ್ರ ನೇರವಾಗಿ ಸಿಗುತ್ತದೆ, ರಂಧ್ರ ನೇರವಾಗಿ ಸಿಕ್ಕಷ್ಟೂ ಸ್ವರವನ್ನು ಎಳೆಯಬಹುದು, ಜಾರಿಸಬಹುದು. ಅವರಿಗೆ ಬೇಕಿದ್ದುದು ಚುರುಕಾದ ಬೆರಳಲ್ಲ, ಗಮಕ.

ಪಿಟೀಲು ಇಂಥದೇ ಪರದೇಶದ ವಾದ್ಯ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಬಂದು ಮನೆಯ ಮಗಳೇ ಆಗಿಬಿಟ್ಟಿತು. ಅದಕ್ಕೆ ಮೆಟ್ಟಿಲಿಲ್ಲ, ಕೀಲಿಯಿಲ್ಲ. ತಂತಿಯ ಶ್ರುತಿ ಬದಲಿಸಿ, ನೆಲದ ಮೇಲೆ ಕೂತು, ಸುರುಳಿಯ ತುದಿಯನ್ನು ಪಾದಕ್ಕೆ ಊರಿದರೆ ಬೆರಳು ಎಲ್ಲಿ ಬೇಕಾದರೂ ಜಾರುತ್ತದೆ. ಕ್ಲಾರಿನೆಟ್ಟಿಗೆ ಆ ಸೌಕರ್ಯವಿಲ್ಲ. ರಂಧ್ರ ಕೊರೆದ ಜಾಗದಲ್ಲೇ ಇರುತ್ತದೆ, ಒಗ್ಗಿಕೊಳ್ಳಬೇಕಾದದ್ದು ಮನುಷ್ಯನೇ.

ಸ್ಯಾಕ್ಸೋಫೋನ್ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇಂದು ಮಂಡ್ಯದ ಮದುವೆಗಳಲ್ಲಿ ಕ್ಲಾರಿನೆಟ್ ಕೂರುತ್ತಿದ್ದ ಜಾಗದಲ್ಲಿ ಬಹಳ ಸಲ ಕೂತಿರುವುದು ಅದೇ. ಅದನ್ನು ಮಾಡಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಸ್ವತಃ ಕ್ಲಾರಿನೆಟ್ ವಾದಕ. ಒಂದೇ ರೀಡಿನ ಕೊಕ್ಕನ್ನು ಹಾಗೆಯೇ ಇಟ್ಟುಕೊಂಡು, ಕೊಳವೆಯನ್ನು ಮಾತ್ರ ಬಾಯಿಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುವಂತೆ ಮಾಡಿದ. 1846ರಲ್ಲಿ ಹಕ್ಕುಪತ್ರ ಪಡೆದ. ಕೊಳವೆ ಹೀಗೆ ಅಗಲವಾದದ್ದೇ ತಡ, ಹೊಳೆ ದಾಟುವ ಕಷ್ಟ ಕಡಿಮೆಯಾಯಿತು. ಕೆಳಗಿನ ಷಡ್ಜದ ಬೆರಳಿಗೇ ಮೇಲಿನ ಷಡ್ಜ ಬಂತು. ದನಿಯೂ ದೊಡ್ಡದು.

ಅದಕ್ಕೆ ನಮ್ಮ ಸಂಗೀತದಲ್ಲಿ ಸ್ಥಾನ ಕೊಡಿಸಿದವರು ನಮ್ಮವರೇ. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪ ನಾದಸ್ವರ ವಿದ್ವಾಂಸರು. ಹುಡುಗ ಗೋಪಾಲನಾಥ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದಕ್ಕೇ ಮನಸ್ಸು ಕೊಟ್ಟರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ತೀರಿಕೊಂಡರು. ಟಿ.ವಿ.ಜಿ. ಸ್ಯಾಕ್ಸೋಫೋನ್ ವಾದಕರಲ್ಲ, ಗಾಯಕರು ಮತ್ತು ಮೃದಂಗ ವಿದ್ವಾಂಸರು. ಗೋಪಾಲನಾಥರು ಅವರ ಹತ್ತಿರ ಹೋದದ್ದು ಊದುವುದನ್ನು ಕಲಿಯಲಿಕ್ಕಲ್ಲ. ಮಳವಳ್ಳಿಯ ಹಿರಿಯರ ಮಾತಿಗೆ ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ಇನ್ನೂ ಹತ್ತಿರದಲ್ಲಿದೆ. ಮಳವಳ್ಳಿಯ ನೆರೆಯ ತಾಲ್ಲೂಕು ತಿರುಮಕೂಡಲು ನರಸೀಪುರ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿನ ತಿರುಮಕೂಡಲಿನಲ್ಲಿ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಏಳು ತಂತಿಯ ಪಿಟೀಲು ಮಾಡಿಕೊಂಡ ಅವರ ಗುರು ಯಾರು? ಬಿಡಾರಂ ಕೃಷ್ಣಪ್ಪನವರು, ಮೈಸೂರಿನ ಮಹಾ ಗಾಯಕರು. ಹಲವು ವರ್ಷ ಗುರುವಿನ ಮನೆಯಲ್ಲಿದ್ದು ಚೌಡಯ್ಯ ಪಿಟೀಲಿಗೆ ಇಳಿಸಿಕೊಂಡದ್ದು ಹಾಡನ್ನು. ಅವರ ಕಮಾನು ಮಾತಾಡುತ್ತದೆ ಎಂದು ಜನ ಅಂದುಕೊಳ್ಳುತ್ತಿದ್ದರೆ ಅದರ ಹಿಂದೆ ಕೃಷ್ಣಪ್ಪನವರ ಕಂಠವಿತ್ತು.

ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತದ ಶಿಖರ ಯಾರು ಎಂದರೆ ಎರಡು ಮಾತಿಲ್ಲ, ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್. 1931ರಲ್ಲಿ ಹುಟ್ಟಿದವರು. ತಂದೆ ಚಿನ್ನಿಕೃಷ್ಣ ನಾಯ್ಡು ಕ್ಲಾರಿನೆಟ್ ನುಡಿಸುತ್ತಿದ್ದರು, ವಾದ್ಯ ಮನೆಯಲ್ಲೇ ಇತ್ತು. ಆದರೂ ಮಗನನ್ನು ಹಾಡು ಕಲಿಯಲು ಆಲತ್ತೂರು ವೆಂಕಟೇಶ ಅಯ್ಯರ್ ಅವರಲ್ಲಿ ಬಿಟ್ಟರು. ಇಲುಪ್ಪೂರು ನಟೇಶ ಪಿಳ್ಳೆಯವರಲ್ಲಿ ನಾದಸ್ವರವನ್ನೂ ಕಲಿಸಿದರು. ಹೀಗೆ ಕಂಠದ ರಾಗ, ನಾದಸ್ವರದ ಉಸಿರು ಎರಡೂ ಸೇರಿದ ಮೇಲೆ ನಟರಾಜನ್ ಕ್ಲಾರಿನೆಟ್ಟನ್ನು ನೃತ್ಯದ ಹಿನ್ನೆಲೆಯಿಂದ, ಬ್ಯಾಂಡಿನ ಸಾಲಿನಿಂದ ಎತ್ತಿ ಕಛೇರಿಯ ನಡುವೆ ಕೂರಿಸಿದರು. ಮೃದಂಗದ ಬದಲು ತವಿಲ್ ಜೊತೆಗಿಟ್ಟುಕೊಂಡು ನಾದಸ್ವರದ ಗಾಂಭೀರ್ಯಕ್ಕೆ ಸರಿಸಮವಾಗಿ ರಾಗ ವಿಸ್ತರಿಸಿದರು. ನಾದಸ್ವರ ಚಕ್ರವರ್ತಿ ಟಿ.ಎನ್. ರಾಜರತ್ನಂ ಪಿಳ್ಳೆಯವರೇ ಅವರನ್ನು ಕ್ಲಾರಿನೆಟ್ ಎವರೆಸ್ಟ್ ಎಂದು ಕರೆದರು. 2008ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, 2022ರಲ್ಲಿ ಪದ್ಮಶ್ರೀ. ತೊಂಬತ್ತರ ಅಂಚಿನಲ್ಲಿ ಬಂದ ಪದ್ಮಶ್ರೀಗೆ ನಾನು ಸಂತೋಷಪಟ್ಟೆ, ಅಷ್ಟು ತಡವಾದದ್ದಕ್ಕೆ ನೊಂದುಕೊಂಡೆ ಕೂಡ.

ನಮ್ಮ ನಾಡಿನಲ್ಲಿ ಈ ವಾದ್ಯಕ್ಕೆ ಬದುಕು ಕೊಟ್ಟವರು ಬಿಸಿಲುನಾಡಿನವರು. ರಾಯಚೂರು ಜಿಲ್ಲೆಯ ವಡವಾಟಿಯಲ್ಲಿ 1942ರಲ್ಲಿ ಹುಟ್ಟಿದ ಪಂಡಿತ್ ನರಸಿಂಹಲು ವಡವಾಟಿ. ಅವರದು ಹಿಂದೂಸ್ತಾನಿ ಪದ್ಧತಿ. ಅವರ ಗುರುಗಳಾದ ಸಿದ್ದರಾಮ ಜಂಬಲದಿನ್ನಿಯವರು ಕ್ಲಾರಿನೆಟ್ ವಾದಕರಲ್ಲ. ಖಯಾಲ್ ಹಾಡಿದವರು, ಶಾಸ್ತ್ರೀಯ ಗಾಯನದ ಹದದಲ್ಲಿ ವಚನಗಳನ್ನು ಹಾಡಿ ನಾಡಿನ ಉದ್ದಗಲಕ್ಕೂ ಮುಟ್ಟಿಸಿದವರು. ಇಂದು ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಶಿಷ್ಯ ಕಲಿತದ್ದು ಆ ಗಾಯನ, ಅದನ್ನು ತನ್ನ ಕೊಳವೆಯೊಳಗೆ ಇಳಿಸಿಕೊಳ್ಳುವ ಕೆಲಸ ಶಿಷ್ಯನದೇ. ವಡವಾಟಿಯವರು ಕ್ಲಾರಿನೆಟ್ಟಿನಲ್ಲಿ ವಿಲಂಬಿತ ಖಯಾಲ್ ಬಿಡಿಸುವಾಗ ಉಸಿರು ಎಲ್ಲಿ ಮುಗಿಯಿತು, ಎಲ್ಲಿ ಮತ್ತೆ ಶುರುವಾಯಿತು ಎಂದು ಗಮನಿಸಿ. ಬಂದಿಶಿನ ಪದ ಮುರಿಯುವ ಜಾಗದಲ್ಲೇ ಉಸಿರು ಮುರಿಯುತ್ತದೆ. ಪದ ಗೊತ್ತಿದ್ದವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಅವರು ರಾಯಚೂರಿನಲ್ಲೇ ಉಳಿದು ಮಕ್ಕಳಿಗೆ ಕಲಿಸಿದರು, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆದರು. ಬ್ಯಾಂಡಿನ ವಾದ್ಯ ಎಂದು ಜನ ತಳ್ಳಿಹಾಕಿದ ವಾದ್ಯವೊಂದನ್ನು ಹಿಡಿದವರು ನಾಡಿನ ಸಂಗೀತದ ಆ ಕುರ್ಚಿಯಲ್ಲಿ ಕೂತದ್ದು ಸಣ್ಣ ಸಂಗತಿಯಲ್ಲ.

ಇದು ನಮ್ಮಲ್ಲಷ್ಟೇ ನಡೆದ ಮಾತೂ ಅಲ್ಲ. ಇನ್ನು ಬರೆಯುವುದು ಸಾಕು ಎಂದುಕೊಂಡಿದ್ದ ಜರ್ಮನ್ ವಾಗ್ಗೇಯಕಾರ ಬ್ರಾಮ್ಸ್ 1891ರಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್ ಎಂಬವನ ಕ್ಲಾರಿನೆಟ್ ಕೇಳಿ ಮತ್ತೆ ಲೇಖನಿ ಹಿಡಿದ, ಅವನಿಗಾಗಿ ನಾಲ್ಕು ಕೃತಿ ಬರೆದ. ಆ ಮ್ಯೂಲ್‌ಫೆಲ್ಡ್ ಮೊದಲು ಪಿಟೀಲು ವಾದಕನಾಗಿದ್ದವನು. ಕ್ಲಾರಿನೆಟ್ಟಿಗೆ ಆಮೇಲೆ ಬಂದವನು.

ಇಷ್ಟು ಹೇಳಿದ ಮೇಲೆ ನಮ್ಮ ಜಿಲ್ಲೆಯ ಕ್ಲಾರಿನೆಟ್ ಕಲಾವಿದನ ದುಡಿಮೆ ಹೇಗಿದೆ ನೋಡೋಣ. ವೈಶಾಖ, ಜ್ಯೇಷ್ಠದಲ್ಲಿ ಬಿಡುವಿಲ್ಲ. ಒಂದೇ ದಿನ ಮದ್ದೂರಿನಲ್ಲಿ ಧಾರೆ, ಸಂಜೆ ಮಂಡ್ಯದಲ್ಲಿ ಆರತಕ್ಷತೆ. ಆಷಾಢ ಬಂತೆಂದರೆ ಪೆಟ್ಟಿಗೆ ಅಟ್ಟಕ್ಕೆ. ಶ್ರಾವಣದಲ್ಲಿ ದೇವಸ್ಥಾನಗಳಿಂದ ಒಂದಿಷ್ಟು ಕರೆ. ಪಿತೃಪಕ್ಷದಲ್ಲಿ ಮತ್ತೆ ಇಲ್ಲ, ಧನುರ್ಮಾಸದಲ್ಲಿ ಬೆಳಗಿನ ಪೂಜೆ ಬಿಟ್ಟರೆ ಮದುವೆಯಿಲ್ಲ. ವರ್ಷದ ಅರ್ಧ ಭಾಗ ಕೈ ಖಾಲಿ ಎಂದೇ ಲೆಕ್ಕ. ಆ ಅರ್ಧವನ್ನು ಕ್ಷೌರದಂಗಡಿ, ತುಂಡು ಜಮೀನು, ಕೂಲಿ ಏನಾದರೂ ತುಂಬಬೇಕು. ಕಬ್ಬು ಕಡಿಯಲು ಹೋದ ಕೈಗೆ ರಂಧ್ರದ ಅಂಚು ಮೊದಲಿನಷ್ಟು ಸೂಕ್ಷ್ಮವಾಗಿ ತಿಳಿಯುವುದಿಲ್ಲ ಎಂದು ಒಬ್ಬರು ಹೇಳಿದಾಗ ನನ್ನ ಹೊಟ್ಟೆ ಕಿವುಚಿದಂತಾಯಿತು. ಹೊರದೇಶದಿಂದ ಬರುವ ಒಳ್ಳೆಯ ರೀಡು ಅಗ್ಗವಲ್ಲ. ರೀಡು ಸವೆದ ಮೇಲೂ ಅದನ್ನೇ ಕೆರೆದು ಕೆರೆದು ನುಡಿಸುವವರನ್ನು ನೋಡಿದ್ದೇನೆ. ಕರಿಮರದ ವಾದ್ಯ ಬೇಸಗೆಯ ಬಿಸಿಗೆ ಸೀಳು ಬಿಟ್ಟರೆ ದುರಸ್ತಿ ಮಾಡುವವರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕು.

ಇದರ ಮೇಲೆ ದೊಡ್ಡ ಪೆಟ್ಟು ಸದ್ದಿನದು. ಕೆಲವು ತಿಂಗಳ ಹಿಂದೆ ನಮ್ಮ ನೆಂಟರ ಮದುವೆಯೊಂದರಲ್ಲಿ ವರನ ಮೆರವಣಿಗೆಗೆ ಡಿಜೆ ತಂದಿದ್ದರು. ಅದರ ಹಿಂದೆ ವಾಲಗದವರು ನುಡಿಸುತ್ತಲೇ ನಡೆದರು. ಬೆರಳು ಆಡುವುದು ಕಾಣುತ್ತಿತ್ತು, ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಒಂದು ಸ್ವರವೂ ಕೇಳಲಿಲ್ಲ. ಒಪ್ಪಿಕೊಂಡ ದುಡ್ಡು ಅವರಿಗೆ ಸಿಕ್ಕಿತು, ಅದರಲ್ಲಿ ಮೋಸವಿಲ್ಲ. ಆದರೆ ಕೇಳಿಸದ ಸಂಗೀತಕ್ಕೆ ಕೊಟ್ಟ ದುಡ್ಡನ್ನು ಕಲಾವಿದ ಯಾವ ಮನಸ್ಸಿನಿಂದ ಎಣಿಸಿಕೊಳ್ಳಬೇಕು? ಸನಾದಿ ಅಪ್ಪಣ್ಣ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಗೆ ಕಣ್ಣೀರು ಹಾಕಿದ ನಾವೇ ಇದನ್ನು ಮಾಡುತ್ತಿದ್ದೇವೆ.

ಇಂಥ ದುಡಿಮೆಗೆ ಮಗನನ್ನು ಬಿಡಲು ಯಾವ ತಂದೆಗೂ ಮನಸ್ಸು ಬಾರದು. ಆದರೂ ಕೆಲವು ಮನೆಗಳಲ್ಲಿ ಮಕ್ಕಳು ಕೈಗೆತ್ತಿಕೊಳ್ಳುತ್ತಿದ್ದಾರೆ, ಕೆಲವು ಕಡೆ ಹೆಣ್ಣುಮಕ್ಕಳೂ ಸ್ಯಾಕ್ಸೋಫೋನ್ ಹಿಡಿದು ಮಂಟಪಕ್ಕೆ ಬರುತ್ತಿದ್ದಾರೆ. ಅವರಿಗೆ ಏನು ಕೊಡಬೇಕು ಎಂಬ ಮಾತು ಬಂದಾಗಲೆಲ್ಲ ವೇದಿಕೆಯ ಮೇಲೆ ವಾದ್ಯ ಹಂಚುವ ಯೋಜನೆಯೇ ನಮಗೆ ಮೊದಲು ಹೊಳೆಯುತ್ತದೆ. ವಾದ್ಯ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನಟರಾಜನ್ ಅವರ ತಂದೆಯ ಮನೆಯಲ್ಲಿ ವಾದ್ಯಕ್ಕೇನೂ ಕೊರತೆ ಇರಲಿಲ್ಲ, ಅವರು ಮಗನಿಗೆ ಹುಡುಕಿಕೊಟ್ಟದ್ದು ಹಾಡು ಕಲಿಸುವ ಗುರುವನ್ನು. ವಾಲಗದ ಮನೆಯ ಮಕ್ಕಳಿಗೆ ಮದ್ದೂರಿನಲ್ಲೊಬ್ಬರು, ಮಳವಳ್ಳಿಯಲ್ಲೊಬ್ಬರು, ಮಂಡ್ಯದಲ್ಲೊಬ್ಬರು ಗಾಯನದ ಮೇಷ್ಟ್ರು ಬೇಕು, ಸಂಬಳ ಕೊಟ್ಟು ಇರಿಸಿದ ಮೇಷ್ಟ್ರು. ಮಂಡ್ಯದಿಂದ 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಓದಿ ಹೊರಬಂದ ಹುಡುಗ ಹುಡುಗಿಯರಿಗೆ ಕೆಲಸ ಬೇಕು, ಇಲ್ಲಿನ ಮಕ್ಕಳಿಗೆ ಪಾಠ ಬೇಕು. ಆಷಾಢದಲ್ಲಿ ಖಾಲಿ ಕೂರುವ ಹಿರಿಯ ವಾಲಗದವರನ್ನೇ ಬೆರಳುಪಾಠದ ಗುರುಗಳನ್ನಾಗಿ ಕೂರಿಸಬಹುದು. ಹಾಡಿನ ಮೇಷ್ಟ್ರು ಒಂದು ಮಗ್ಗುಲಲ್ಲಿ, ಊದುವ ಹಿರಿಯರು ಇನ್ನೊಂದು ಮಗ್ಗುಲಲ್ಲಿ. ವರ್ಷದ ಖಾಲಿ ಅರ್ಧ ಹೀಗೆ ತುಂಬಿದರೆ ಕಲಾವಿದನಿಗೆ ಅನ್ನ, ಮಗುವಿಗೆ ವಿದ್ಯೆ.

ನಾನು ಮತ್ತೆ ಆ ಹಿರಿಯರನ್ನು ನೋಡಲು ಹೋದದ್ದು ಆಷಾಢದಲ್ಲೇ. ಮದ್ದೂರಿನಲ್ಲಿ ಬಸ್ಸು ಹತ್ತಿ, ಕೆ.ಎಂ. ದೊಡ್ಡಿ ದಾಟಿ, ಕಬ್ಬಿನ ಗದ್ದೆಗಳ ನಡುವೆ ಮಳವಳ್ಳಿಯ ಕಡೆಗೆ. ಮನೆಯ ಮುಂದಿನ ಜಗಲಿಯ ಮೇಲೆ ಮೊಮ್ಮಗಳು ಕೂತಿದ್ದಳು, ಎಂಟೊಂಬತ್ತು ವರ್ಷದ ಹುಡುಗಿ. ಕ್ಲಾರಿನೆಟ್ ಪೆಟ್ಟಿಗೆ ಪಕ್ಕದಲ್ಲೇ ಇತ್ತು, ಮುಚ್ಚಿತ್ತು. ಹುಡುಗಿ ತೊಡೆಯ ಮೇಲೆ ತಾಳ ಹಾಕುತ್ತ ಜಂಟಿವರಸೆ ಹಾಡುತ್ತಿದ್ದಳು. ಎರಡನೆಯ ಕಾಲಕ್ಕೆ ಬಂದಾಗ ಶ್ರುತಿ ಸ್ವಲ್ಪ ಇಳಿಯಿತು. ತಾತ ಕಣ್ಣಲ್ಲೇ ತಡೆದು ಮತ್ತೆ ಮೊದಲಿಂದ ಹೇಳಿಸಿದರು.

"ಇವ್ಳ ಕೈಗೆ ಯಾವಾಗ ಕೊಡ್ತೀರಿ?" ಎಂದೆ.

"ಇವ್ಳು ಹಾಡ್ದಾಗ ನಾನು ಹಿಂದೆ ಊದ್ಕೊಂಡು ಹೋಗೋ ಹಂಗಾಗ್ಲಿ, ಆವಾಗ" ಎಂದರು. ಹುಡುಗಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಷಡ್ಜ ಹಿಡಿದಳು.